ಹುಳು ಮನೆಯ ಒಂಟಿ ತಂತಿ

ಎರಡು ಗೋಡೆಗಳ ನಡುವೆ ಒಂದು ತಂತಿ ಬಿಗಿದು ನೋಡಿ. ಸಂಜೆಯೊಳಗೆ ಅದರ ಮೇಲೆ ಏನಾದರೊಂದು ನೇತಾಡದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ. ಟವೆಲ್ಲು, ಕೊಡೆ, ಮಗುವಿನ ಕುಲಾವಿ, ತೊಳೆದ ಹಾಲಿನ ಪ್ಯಾಕೆಟ್ಟು, ಹೂ ಕಟ್ಟಲೆಂದು ನೆನೆಸಿಟ್ಟ ಬಾಳೆನಾರು, ಹೀಗೆ ಮನೆಯೊಳಗಿನ ಸಮಸ್ತ ಅಚರವಸ್ತುಗಳೂ ತಂತಿಯನ್ನು ಕಂಡೊಡನೆ ಮೇಲೇರಲು ಹಾತೊರೆಯುತ್ತವೆ. ಖಾಲಿ ಸೀಟು ಕಂಡರೆ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆಯುವ ಜನ ನಾವು; ಖಾಲಿ ತಂತಿಯನ್ನು ಖಾಲಿಯಾಗಿಯೇ ಬಿಡುವ ವೈರಾಗ್ಯ ನಮಗೆಲ್ಲಿಂದ ಬರಬೇಕು? ಈ ಲೋಕಸತ್ಯವನ್ನು ನಾನು ಬಾಲ್ಯದಿಂದ ಕಂಡವಳು. ಆದರೂ ಒಂದು ಬೇಸಿಗೆಯಲ್ಲಿ ಅದನ್ನು ಮರೆತು, ಮೂವತ್ತಡಿ ಉದ್ದದ ತಂತಿಯೊಂದನ್ನು ನಮ್ಮ ಚಿಕ್ಕಮ್ಮನ ಹುಳು ಮನೆಯ ನಟ್ಟನಡುವೆ ಬಿಗಿದು, ಅದು ಹಾಗೆಯೇ ಇರುತ್ತದೆಂದು ನಂಬಿದೆ. ಆ ನಂಬಿಕೆಯ ದೆಸೆಯಿಂದ ಹುಳು ಮನೆ ಹುಳು ಮನೆಯಾಗಿ ಉಳಿಯುವುದೋ, ನಾಲ್ಕು ಬಾಡಿಗೆ ಕೋಣೆಗಳಾಗುವುದೋ ಎಂಬಲ್ಲಿಗೆ ಬಂದು ನಿಂತಿತು. ಹೇಳುತ್ತೇನೆ, ಜೊತೆಯಲ್ಲಿ ನಾಲ್ಕು ಹೆಜ್ಜೆ ಬನ್ನಿ. ಬಿಸಿಲಿದೆ, ನೆರಳಲ್ಲೇ ಹೋಗೋಣ.

‘ನಂಬಿದೆ’ ಎಂಬ ಕ್ರಿಯಾಪದ ನನ್ನ ಬಾಯಿಗೆ ಒಪ್ಪುವುದಿಲ್ಲ ಎಂದು ನನ್ನನ್ನು ಬಲ್ಲವರು ಹೇಳುತ್ತಾರೆ. ನಾನು ನಂಬದವಳೆಂದೇ ಪ್ರಸಿದ್ಧಿ. ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಅಜ್ಜಿ ಕೈಮುಗಿದು ಹೇಳಿದಾಗ, ಏಳನೇ ಕ್ಲಾಸಿನಲ್ಲಿದ್ದ ನಾನು “ಎಷ್ಟು ಡಿಗ್ರಿಗೆ?” ಎಂದು ಕೇಳಿ ತೊಡೆ ಚಿವುಟಿಸಿಕೊಂಡವಳು. ದೊಡ್ಡಬಳ್ಳಾಪುರದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ಮೂರು ವರ್ಷವೂ ತಾಲ್ಲೂಕು, ಜಿಲ್ಲೆ ಎನ್ನದೆ ಚರ್ಚಾಸ್ಪರ್ಧೆಗಳಿಗೆ ಹೋದೆ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿದ ಮೇಲೆ ನಿರ್ಧರಿಸಿ, ನಿರ್ಧರಿಸಿದ ಮೇಲೆ ಪ್ರಾಣವಿರುವವರೆಗೆ ವಾದಿಸುವ ಆ ವಿದ್ಯೆಯ ಮುಖ್ಯ ಗುಟ್ಟು ಒಂದೇ: ಎದುರಾಳಿಯ ವಾಕ್ಯ ಮುಗಿಯುವ ಮೊದಲೇ ಅದರ ಖಂಡನೆ ನಿಮ್ಮ ನಾಲಿಗೆಯ ತುದಿಯಲ್ಲಿ ಸಿದ್ಧವಿರಬೇಕು. ಹೀಗೆ ಗಳಿಸಿದ ಕಪ್ಪುಗಳಲ್ಲಿ ದೊಡ್ಡದೊಂದು ಈಗ ಚಿಕ್ಕಮ್ಮನ ಅಡುಗೆಮನೆಯಲ್ಲಿ ಸೌಟುಗಳನ್ನು ನಿಲ್ಲಿಸುವ ಪಾತ್ರೆಯಾಗಿ ಸಾರ್ಥಕ ಬದುಕು ನಡೆಸುತ್ತಿದೆ. ಚಿಕ್ಕಪ್ಪ ನನ್ನನ್ನು ಹೆಸರು ಹಿಡಿದು ಕರೆದು ವರ್ಷಗಳಾದವು. ನಾನು ಅವರಿಗೆ ‘ಲಾಯರಮ್ಮ’.

ಚಿಕ್ಕಮ್ಮ ಜಯಮ್ಮನವರ ಊರು ಕುಂದಾಣದ ಆಚೆ, ವಿಮಾನಗಳು ಚಕ್ರ ಕೆಳಗಿಳಿಸಿಕೊಂಡು ಬರುವ ದಾರಿಯ ಕೆಳಗಿದೆ. ಹುಳು ಮನೆ ಎಂದರೆ ರೇಷ್ಮೆ ಹುಳು ಸಾಕುವ ಮನೆ: ವಾಸದ ಮನೆಯ ಪಕ್ಕದಲ್ಲಿ ಸಿಮೆಂಟ್ ಶೀಟಿನ ಉದ್ದ ಕಟ್ಟಡ, ಒಳಗೆ ಮೂರಂತಸ್ತಿನ ಬಿದಿರ ಅಟ್ಟಣೆಗಳು, ಅವುಗಳ ತುಂಬ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಹುಳು. ಹುಳುವಿಗೆ ಶೈತ್ಯವೂ ಆಗದು, ಸೆಕೆಯೂ ಆಗದು, ಘಾಟು ಮೊದಲೇ ಆಗದು. ಆದ್ದರಿಂದ ಬೆಳೆ ಒಳಗಿರುವಷ್ಟು ದಿನ ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಊದುಬತ್ತಿ ಇಲ್ಲ, ಪೌಡರಿಲ್ಲ, ತಲೆನೋವಿನ ಮುಲಾಮು ಹಚ್ಚಿಕೊಂಡವರು ಅಂಗಳದ ಆ ತುದಿಯಲ್ಲೇ ನಿಂತು ಮಾತಾಡಬೇಕು. ನಾನು ದಾಬಸ್‌ಪೇಟೆಯ ಶೀತಲ ಗೋದಾಮೊಂದರಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸದವಳು. ವಾರವಿಡೀ ಬಸ್ಸಿನಲ್ಲಿ ಕುಲುಕಾಡಿ ಭಾನುವಾರ ಚಿಕ್ಕಮ್ಮನ ಮನೆಗೆ ಬರುವ ಹೊತ್ತಿಗೆ ಮುಲಾಮಿನ ಸುಗಂಧಮೂರ್ತಿಯೇ ಆಗಿರುತ್ತೇನೆ. ಹೀಗಾಗಿ ಹುಳು ಮನೆಯೊಳಗೆ ನನಗೆ ಶಾಶ್ವತ ಪ್ರವೇಶನಿಷೇಧ.

ಆ ವರ್ಷ ಬಿಸಿಲಿಗೆ ಎರಡು ಬೆಳೆ ಸಾಲಾಗಿ ಹಾಳಾಗಿದ್ದವು. ಚಿಕ್ಕಪ್ಪ ಏರ್‌ಪೋರ್ಟಿನ ಸರಕು ವಿಭಾಗದಲ್ಲಿ ಶಿಫ್ಟ್ ಕೆಲಸದವರು. ಅವರ ಜೊತೆಗಾರರೆಲ್ಲ ಬಾಡಿಗೆ ರೂಮಿಗಾಗಿ ಊರೂರು ಅಲೆಯುತ್ತಿದ್ದರು. ಸಾಕಿದರೂ ಸಾಯುವ ಹುಳುವಿಗಿಂತ, ಸಾಕದೆಯೇ ಬದುಕುವ ಬಾಡಿಗೆದಾರ ವಾಸಿ ಎಂಬ ತರ್ಕದಲ್ಲಿ ನನಗೂ ಲೋಪ ಕಾಣಲಿಲ್ಲ. ಚಿಕ್ಕಪ್ಪ ಅಳತೆ ಟೇಪನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡತೊಡಗಿದರು. ಚಿಕ್ಕಮ್ಮ ವಾದಿಸುವವರಲ್ಲ; “ಇನ್ನೊಂದು ಬೆಳೆ ನೋಡನ” ಎಂದರು. ಆ ‘ನೋಡನ’ದಲ್ಲಿ ಮದುವೆಯಾಗಿ ಬಂದ ದಿನದಿಂದ ಈವರೆಗಿನ ಬೆಳಗಿನ ಜಾವಗಳೆಲ್ಲ ಇದ್ದವು. ಸೊಪ್ಪು ಕೊಯ್ದ ಕೈ, ಹುಳು ಮೇಯುವ ಸದ್ದಿಗೆ ಕಿವಿಗೊಟ್ಟು ಕೂತ ಮಧ್ಯಾಹ್ನಗಳು, ಎಲ್ಲ. ಆ ಮನೆ ಹೋದರೆ ಅವರು ಬೇರೆ ಕೆಲಸ ಕಲಿಯಲಾರದವರಲ್ಲ, ಕಲಿಯಲೊಲ್ಲದವರು. ಇದು ನನಗೆ ಗೊತ್ತಿತ್ತು. ಆದ್ದರಿಂದಲೇ, ಯಾರೂ ಕರೆಯದಿದ್ದರೂ, ವಿಜ್ಞಾನದ ಪರವಾಗಿ ನಾನು ಚೀಟಿ ಎತ್ತಿದೆ.

ಚಿಕ್ಕಮ್ಮ ಕಾವು ನೋಡುವ ಕ್ರಮ ಹೀಗೆ: ಅಟ್ಟಣೆಯ ಪಕ್ಕ ಬಾಗಿ ಕೆನ್ನೆಯನ್ನು ಸೊಪ್ಪಿನ ಮೇಲ್ಮೈಗೆ ನಾಲ್ಕು ಬೆರಳು ದೂರ ತರುತ್ತಾರೆ, ಕಣ್ಣು ಮುಚ್ಚುತ್ತಾರೆ, “ಹೂಂ” ಎನ್ನುತ್ತಾರೆ. ಈ ‘ಹೂಂ’ ಎಷ್ಟು ಡಿಗ್ರಿ ಎಂದು ಕೇಳಿದರೆ ಉತ್ತರವಿಲ್ಲ. ನಮ್ಮ ಗೋದಾಮಿನಲ್ಲಾದರೋ ಒಂದೇ ತಂತಿಗೆ ಸಾಲಾಗಿ ಪೋಣಿಸಿದ ನಲವತ್ತು ಸೆನ್ಸರುಗಳು ಪ್ರತಿ ನಿಮಿಷವೂ ದಶಾಂಶ ಸಮೇತ ವರದಿ ಒಪ್ಪಿಸುತ್ತವೆ. ಕೆನ್ನೆಗೆ ದಶಾಂಶವುಂಟೆ? ಮೂರನೆಯ ಬೆಳೆಗೆ ಮುಂಚೆ ಹುಳು ಮನೆಯನ್ನು ಖಾಲಿ ಮಾಡಿ, ತೊಳೆದು, ಸುಣ್ಣ ಬಳಿದು ಒಣಗಲು ಬಿಟ್ಟಿದ್ದ ವಾರ ನಾನು ಐದು ಸೆನ್ಸರು, ಒಂದು ಸುರುಳಿ ತಂತಿ, ಒಂದು ಪುಟ್ಟ ಕಂಟ್ರೋಲರ್ ಪೆಟ್ಟಿಗೆಯ ಸಮೇತ ದಿಗ್ವಿಜಯಕ್ಕೆ ಬಂದೆ. ತಂತಿಯನ್ನು ಒಳಗೆ ಗೋಡೆಯಿಂದ ಗೋಡೆಗೆ ಬಿಗಿದು, ಬೆರಳುದ್ದದ ಉಕ್ಕಿನ ಸೆನ್ಸರುಗಳನ್ನು ಅಟ್ಟಣೆಗಳ ಮಟ್ಟಕ್ಕೆ ಇಳಿಬಿಟ್ಟೆ. ಅಂಕಿ ತೋರಿಸುವ ಪೆಟ್ಟಿಗೆಯನ್ನು ಬಾಗಿಲ ಹೊರಗೆ, ಪ್ರವೇಶನಿಷಿದ್ಧಳಾದ ನನ್ನ ಕಣ್ಣಿಗೆ ಬೀಳುವಂತೆ ಕೂರಿಸಿದೆ.

ಒಂದೇ ತಂತಿಯಲ್ಲಿ ಐದು ಜನ ಹೇಗೆ ಮಾತಾಡುತ್ತಾರೆ ಎಂಬುದು ನಿಮಗೂ ಕುತೂಹಲವಿರಬಹುದು. ಚಿಕ್ಕಮ್ಮನಿಗೆ ನಾನು ಹೇಳಿದ ಹಾಗೆಯೇ ಹೇಳುತ್ತೇನೆ. ನಾನು ಕಾಲೇಜಿಗೆ ಹೋಗುತ್ತಿದ್ದ ಹಳೆಯ ಪ್ರೈವೇಟ್ ಬಸ್ಸಿನ ಛಾವಣಿಯುದ್ದಕ್ಕೂ ಒಂದು ಹಗ್ಗವಿತ್ತು. ಹಿಂಬಾಗಿಲಲ್ಲಿ ಕಂಡಕ್ಟರು, ಮುಂದೆ ಡ್ರೈವರನ ನೆತ್ತಿಯ ಬಳಿ ಗಂಟೆ. ಒಮ್ಮೆ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಹೊರಡು. ಗಮನಿಸಿ, ಹಗ್ಗವನ್ನು ಕೆಳಗೆಳೆಯಲು ಕಂಡಕ್ಟರಿದ್ದಾನೆ, ಮೇಲಕ್ಕೆ ಒಯ್ಯಲು ಯಾರೂ ಇಲ್ಲ. ಅವನು ಕೈಬಿಟ್ಟರೆ ಅತ್ತ ತುದಿಯ ಸ್ಪ್ರಿಂಗು ಅದನ್ನು ಸ್ವಸ್ಥಾನಕ್ಕೆ ಮರಳಿಸುತ್ತದೆ. ನನ್ನ ತಂತಿಯೂ ಅಷ್ಟೇ. ಅದರ ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ರೆಸಿಸ್ಟರು ಸ್ಪ್ರಿಂಗಿನ ಸ್ಥಾನದಲ್ಲಿ ಕೂತು, ತಂತಿಯ ವೋಲ್ಟೇಜನ್ನು ಸದಾ ಮೇಲೆ ಹಿಡಿದಿರುತ್ತದೆ. ಮಾತಾಡಬೇಕಾದವರು ಅದನ್ನು ಕೆಳಗೆಳೆಯಬೇಕು, ಮತ್ತೆ ಬಿಡಬೇಕು. ಥಟ್ಟನೆ ಎಳೆದು ಬಿಟ್ಟರೆ ಅದು ‘ಒಂದು’. ತುಸು ಹೊತ್ತು ಹಿಡಿದಿಟ್ಟರೆ ‘ಸೊನ್ನೆ’. ಈ ‘ತುಸು ಹೊತ್ತು’ ಎಷ್ಟೆಂದರೆ, ನೀವೊಮ್ಮೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಸೊನ್ನೆ-ಒಂದುಗಳು ದಾಟಿಹೋಗಿರುತ್ತವೆ. ಒಂದರ ಹಿಂದೊಂದು ಸಾಲಾಗಿ ಹೊರಟ ಈ ಸೊನ್ನೆ-ಒಂದುಗಳೇ ಅಕ್ಷರ, ಅಂಕಿ, ಉಷ್ಣತೆ, ಸರ್ವಸ್ವ.

ಮೊದಲು ಕಂಟ್ರೋಲರು ತಂತಿಯನ್ನು ದೀರ್ಘವಾಗಿ ಎಳೆದು ಹಿಡಿಯುತ್ತದೆ. ‘ಎಲ್ಲರೂ ಸುಮ್ಮನಾಗಿ’ ಎಂದು ಅದರ ಅರ್ಥ. ಆಮೇಲೆ ಕೈಬಿಡುತ್ತದೆ. ಕೈಬಿಟ್ಟ ಆ ಮೌನದಲ್ಲಿ ತಂತಿಯ ಮೇಲಿರುವವರೆಲ್ಲ ಸಣ್ಣಗೆ ಎಳೆದು ‘ಇದೀವಿ’ ಎನ್ನುತ್ತಾರೆ. ಪ್ರತಿ ಸೆನ್ಸರಿಗೂ ಹುಟ್ಟುವಾಗಲೇ ಕೊಟ್ಟ, ಜಗತ್ತಿನಲ್ಲಿ ಇನ್ನೊಂದಕ್ಕಿಲ್ಲದ ಉದ್ದನೆಯ ಸಂಖ್ಯೆಯಿದೆ. ಕಂಟ್ರೋಲರು ಅದನ್ನು ಕರೆದರೆ ಆ ಸೆನ್ಸರು ಮಾತ್ರ ಉತ್ತರಿಸುತ್ತದೆ, ಮಿಕ್ಕವು ಮೂಗು ತೂರಿಸುವುದಿಲ್ಲ. ಉತ್ತರದ ಕೊನೆಯಲ್ಲಿ ಒಂದು ತಾಳೆಯ ಅಂಕಿಯೂ ಬರುತ್ತದೆ. ದಾರಿಯಲ್ಲಿ ಒಂದೇ ಒಂದು ಸೊನ್ನೆ ಮುಕ್ಕಾಗಿದ್ದರೂ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಇಂಥ ಶಿಸ್ತು ನಾನು ಭಾಗವಹಿಸಿದ ಯಾವ ಚರ್ಚೆಯಲ್ಲೂ ಕಂಡದ್ದಿಲ್ಲ.

ಚಿಕ್ಕಮ್ಮ ಇಷ್ಟನ್ನೂ ಸೊಪ್ಪಿನ ಕುಡುಗೋಲು ಒರೆಸುತ್ತಾ ಕೇಳಿದರು. ಆಮೇಲೆ ತಂತಿಯನ್ನು ಬೆರಳಲ್ಲಿ ತಿರುವಿ ನೋಡಿ, “ಒಂದೇ ತಂತಿ ಅಂದೆ, ಎರಡೆಳೆ ಐತಲ್ಲೇ?” ಎಂದರು.

“ಇನ್ನೊಂದು ನೆಲದ ತಂತಿ ಚಿಕ್ಕಮ್ಮ, ಅರ್ಥಿಂಗ್ ಇದ್ದ ಹಾಗೆ. ಅದನ್ನ ಲೆಕ್ಕಕ್ಕೆ ಹಿಡಿಯಲ್ಲ.”

“ಅದಿಲ್ದಿದ್ರೆ ನಡೀತದಾ?”

“ಇಲ್ಲ.”

“ಇಲ್ದಿದ್ರೆ ನಡಿಯಲ್ಲ, ಇದ್ರೆ ಲೆಕ್ಕಕ್ಕಿಲ್ಲ. ನಮ್ಮಂಗೇ ಐತೆ ಬಿಡು ಅದು” ಎಂದು ಚಿಕ್ಕಮ್ಮ ಎದ್ದರು. ನಾಲ್ಕು ಜಿಲ್ಲಾಮಟ್ಟದ ಕಪ್ಪು ಗೆದ್ದ ನಾನು ಪೆಟ್ಟಿಗೆಯ ಸ್ಕ್ರೂ ಬಿಗಿಯತೊಡಗಿದೆ. ಅಂಗಳದಲ್ಲಿದ್ದ ಚಿಕ್ಕಪ್ಪ, “ಲಾಯರಮ್ಮ, ನಿನ್ನ ತಂತಿ ಗೆದ್ರೆ ಹುಳ, ಸೋತ್ರೆ ರೂಮು. ಸರೀನಾ?” ಎಂದು ತೀರ್ಪಿನ ನಿಯಮ ಘೋಷಿಸಿದರು.

ಸ್ವಿಚ್ಚು ಹಾಕಿದೆ. ಪೆಟ್ಟಿಗೆಯ ಮೇಲೆ ಎಂಬತ್ತೈದು ಡಿಗ್ರಿ ಮೂಡಿತು.

“ಇನ್ನೂ ಹುಳಾನೇ ಬಂದಿಲ್ಲ, ಆಗ್ಲೇ ಸಾರು ಕುದಿಸ್ತಿದೀಯಲ್ಲೇ!” ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ಜೇಬಿನ ಟೇಪನ್ನು ತಟ್ಟಿಕೊಂಡರು. ನನ್ನ ಮುಖ ಮಾತ್ರ ನಿಜವಾಗಿಯೂ ಎಂಬತ್ತೈದಕ್ಕೆ ಏರಿತ್ತು. ಕಾರಣ ಹತ್ತು ನಿಮಿಷದಲ್ಲಿ ಹೊಳೆಯಿತು, ಹೊಳೆದಷ್ಟೂ ನಾಚಿಕೆಯಾಯಿತು. ಈ ಸೆನ್ಸರಿಗೆ ‘ಕಾವು ನೋಡು’ ಎಂದ ಮೇಲೆ ನೋಡಲು ಮುಕ್ಕಾಲು ಸೆಕೆಂಡು ಬಿಡಬೇಕು. ಅದು ಬೇರೆ ವಿದ್ಯುತ್ತಿಲ್ಲದೆ, ತಂತಿ ಸುಮ್ಮನಿದ್ದಾಗ ತಂತಿಯಿಂದಲೇ ತುತ್ತು ತುತ್ತು ಉಂಡು ಕೆಲಸ ಮಾಡುವ ಬಡಪಾಯಿ. ಕೇಳಿದ ಮರುಕ್ಷಣವೇ ‘ಎಲ್ಲಿ ಉತ್ತರ?’ ಎಂದು ಕೈ ಚಾಚಿದರೆ, ಇನ್ನೂ ಅಳೆಯದ ಅದು, ಎದ್ದಾಗ ಬಾಯಲ್ಲಿದ್ದ ಸಂಖ್ಯೆಯನ್ನೇ ಒಪ್ಪಿಸಿಬಿಡುತ್ತದೆ. ಆ ಸಂಖ್ಯೆಯೇ ಎಂಬತ್ತೈದು. ಅಂದರೆ ದೋಷ ಸೆನ್ಸರಿನದಲ್ಲ. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯದವಳದು. ಪ್ರೋಗ್ರಾಮಿನಲ್ಲಿ ಒಂದು ಸಾಲು ಕಾಯುವಿಕೆ ಸೇರಿಸಿದೆ. ಇಪ್ಪತ್ತೇಳು ಡಿಗ್ರಿ ಎಂದು ಸಾಧುವಾಗಿ ತೋರಿಸಿತು. ಪ್ರೋಗ್ರಾಮು ತಿದ್ದಿದ್ದಾಯಿತು, ಪ್ರೋಗ್ರಾಮು ಬರೆದವಳನ್ನು ತಿದ್ದುವ ಕೆಲಸ ಬಾಕಿಯಿತ್ತು.

ಇಲ್ಲೊಂದು ಪಕ್ಕದ ಮಾತು. ಕುಂದಾಣದ ಆಸುಪಾಸಿನ ಊರುಗಳಲ್ಲಿ ಸಂಭಾಷಣೆಗೆ ಒಂದು ವಿಶಿಷ್ಟ ವ್ಯಾಕರಣ ಬೆಳೆದುಬಿಟ್ಟಿದೆ. ವಿಮಾನ ತಲೆಯ ಮೇಲೆ ಬಂದರೆ ಮಾತಾಡುವವರು ವಾಕ್ಯದ ನಡುವೆಯೇ ನಿಲ್ಲುತ್ತಾರೆ. ಕಿರುಚಿ ಗೆಲ್ಲಲು ಯಾರೂ ಯತ್ನಿಸುವುದಿಲ್ಲ. ಜಗಳವಾಡುತ್ತಿದ್ದರೆ ಎತ್ತಿದ ಕೈ ಎತ್ತಿದಂತೆಯೇ, ಬಾಯಿ ತೆರೆದಂತೆಯೇ ಇರುತ್ತದೆ. ವಿಮಾನ ದಾಟಿದ ಮೇಲೆ ಕೇಳುತ್ತಿದ್ದವರು “ಹೂಂ, ಆಮೇಲೆ?” ಎನ್ನುತ್ತಾರೆ, ಕಥೆ ನಿಂತ ಅಕ್ಷರದಿಂದಲೇ ಮುಂದುವರಿಯುತ್ತದೆ. ಆಕಾಶವೇ ತಂತಿಯನ್ನು ದೀರ್ಘವಾಗಿ ಎಳೆದು ಬಿಟ್ಟಂತೆ, ಕೆಳಗಿರುವವರು ‘ಇದೀವಿ’ ಎಂದಂತೆ. ಈ ಸಾದೃಶ್ಯವನ್ನು ಕಂಡುಹಿಡಿದ ದಿನ ನಾನು ಬಹಳ ಹೆಮ್ಮೆಪಟ್ಟೆ. ಅದರಿಂದ ಏನನ್ನಾದರೂ ಕಲಿಯಬಹುದೆಂದು ಮಾತ್ರ ಹೊಳೆಯಲಿಲ್ಲ.

ಹುಳು ಬಂದವು, ಬೆಳೆದವು. ಹುಳು ಪೊರೆ ಬಿಡಲು ಮೇವು ನಿಲ್ಲಿಸಿ ನಿಶ್ಚಲವಾಗಿ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರವೂ ಕಳೆದು ಎದ್ದವು. ಇನ್ನು ಏಳೆಂಟು ದಿನ ಹಗಲಿರುಳು ಮೇಯುತ್ತವೆ. ಬೆಳೆ ಉಳಿಯುವುದೂ ಅಳಿಯುವುದೂ ಆ ದಿನಗಳಲ್ಲೇ. ಆಗ ಹುಳು ಮನೆಯ ಹೊರಗೆ ನಿಂತರೂ ಕೇಳಿಸುತ್ತದೆ: ಒಣಗಿದ ಎಲೆಗಳ ಮೇಲೆ ಸಣ್ಣ ಮಳೆ ಹಿಡಿದ ಹಾಗೆ ಸರಸರ, ಸರಸರ. ಅದು ಸಾವಿರಾರು ಹಸಿದ ಬಾಯಿಗಳ ಸದ್ದು.

ಹುಳು ಎದ್ದ ಮೂರನೆಯ ದಿನ, ಭಾನುವಾರ, ಮಧ್ಯಾಹ್ನ. ಅಂಗಳದ ಕಲ್ಲು ಕಾಲಿಡಲಾಗದಷ್ಟು ಕಾದಿತ್ತು. ನಾನು ಬಾಗಿಲ ಹೊರಗೆ ಪೆಟ್ಟಿಗೆಯೆದುರು ಕುರ್ಚಿ ಹಾಕಿಕೊಂಡು, ಹೊರಗೆ ಇಷ್ಟು ಬಿಸಿಲಿದ್ದರೂ ಒಳಗೆ ಇಪ್ಪತ್ತೈದರ ಆಸುಪಾಸು ನಿಂತ ಅಂಕಿಗಳನ್ನು ಸ್ವಂತ ಮಕ್ಕಳ ಮಾರ್ಕ್ಸ್‌ಕಾರ್ಡಿನಂತೆ ನೋಡುತ್ತಿದ್ದೆ. ಚಿಕ್ಕಮ್ಮ ಒಳಗಿನಿಂದ ಬಂದು ಹೊಸ್ತಿಲಲ್ಲಿ ನಿಂತರು.

“ಒಳ್ಗೆ ಕಾವು ಜಾಸ್ತಿ ಆಯ್ತು ಕಣೇ. ಎರಡೂ ಕಡೆ ಕಿಟ್ಕಿ ತೆಗ್ದು, ಶೀಟಿನ ಮೇಲೆ ಗರಿ ಹಾಕಿ ನೀರು ಹೊಡಿಯನ ಅಂತಿದೀನಿ.”

“ಇಪ್ಪತ್ತೈದಿದೆ ಚಿಕ್ಕಮ್ಮ. ಹುಳುವಿಗೆ ಬೇಕಾಗಿರೋದೂ ಅಷ್ಟೇ. ಈಗ ಕಿಟಕಿ ತೆಗೆದ್ರೆ ಹೊರಗಿನ ಬಿಸಿಗಾಳಿ ಎಲ್ಲಾ ನುಗ್ಗುತ್ತೆ, ಇರೋ ತಂಪೂ ಹೋಗುತ್ತೆ.”

“ಕೆನ್ನೆಗೆ ಹೊಡೀತೈತಲ್ಲ ಕಾವು?”

“ನೀವು ಒಲೆ ಮುಂದೆ ಮುದ್ದೆ ತಿರುವಿ ನೇರ ಬಂದಿದೀರ. ನಿಮ್ಮ ಕೆನ್ನೆ ಹೇಳ್ತಿರೋದು ಒಲೆ ಕಥೆ. ಸೆನ್ಸರ್ ಒಂದಲ್ಲ, ಐದಿವೆ. ಐದೂ ಒಂದೇ ಮಾತು ಹೇಳ್ತಿವೆ. ಐದು ಸಾಕ್ಷಿ ಒಂದು ಕಡೆ, ಒಂದು ಕೆನ್ನೆ ಒಂದು ಕಡೆ; ನೀವೇ ಹೇಳಿ.”

ವಾದ ಚೆನ್ನಾಗಿತ್ತು. ವೇದಿಕೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು. ಚಿಕ್ಕಮ್ಮ “ಓದಿರೋಳು ನೀನು” ಎಂದು ಮರಳಿ ಒಳಗೆ ಹೋದರು. ಆ ಮಾತಿನಲ್ಲಿ ವ್ಯಂಗ್ಯವಿದ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು; ಇರಲಿಲ್ಲ, ನಂಬಿಕೆಯಿತ್ತು.

ಗಂಟೆಯೊಂದು ಕಳೆದಿರಬಹುದು. ಚಿಕ್ಕಪ್ಪ ಶಿಫ್ಟು ಮುಗಿಸಿ ಬಂದು ಜಗಲಿಯ ಮೇಲೆ ಬೂಟು ಬಿಚ್ಚುತ್ತಿದ್ದರು. ಚಿಕ್ಕಮ್ಮ ಮತ್ತೆ ಹೊಸ್ತಿಲಿಗೆ ಬಂದರು. ಈ ಸಲ ಕೈಯಲ್ಲಿ ಬೆಳಿಗ್ಗೆ ಹಾಕಿದ್ದ ಸೊಪ್ಪಿನ ಒಂದು ರೆಂಬೆ, ಎಲೆ ಎಲೆಯೂ ಇಡಿಯಾಗಿತ್ತು.

“ಮೇಯ್ತಿಲ್ಲ” ಎಂದರು.

“ಹೊಟ್ಟೆ ತುಂಬಿರಬೇಕು ಚಿಕ್ಕಮ್ಮ. ನೋಡಿ, ಈ ಕ್ಷಣಕ್ಕೂ ಇಪ್ಪತ್ತೈದು ಪಾಯಿಂಟ್…”

ವಿಮಾನ ಬಂತು. ಊರಿನ ನಿಯಮದಂತೆ ಬಾಯಿ ತೆರೆದೇ ನಿಂತೆ. ಅದರ ನೆರಳು ಅಂಗಳವನ್ನು ದಾಟಿ, ಶೀಟನ್ನು ದಾಟಿ, ಹಿಪ್ಪುನೇರಳೆ ತೋಟವನ್ನು ದಾಟಿ ಹೋಯಿತು. ಗದ್ದಲ ಇಳಿಯಿತು. ಈಗ ಯಾರಾದರೂ “ಹೂಂ, ಆಮೇಲೆ?” ಎನ್ನಬೇಕಿತ್ತು. ಯಾರೂ ಎನ್ನಲಿಲ್ಲ. ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದರು. ಆ ಮೌನದಲ್ಲಿ ನನಗೆ ಒಂದು ಸದ್ದು ಕೇಳಿಸಬೇಕಿತ್ತು. ಬೆಳಿಗ್ಗೆ ಗೇಟಿನ ಬಳಿ ಬರುವಾಗಲೇ ಕೇಳಿಸಿದ್ದ ಸದ್ದು. ಸಣ್ಣ ಮಳೆ ನಿಂತುಹೋಗಿತ್ತು.

“ಮುಲಾಮು ಹಚ್ಚಿದೀಯಾ?”

“ಇವತ್ತು ಇಲ್ಲ.”

“ಕೈಕಾಲು ತೊಳ್ಕೊಂಡು ಒಳ್ಗೆ ಬಾ.”

ಹುಳುವಿರುವ ಹುಳು ಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಒಳಗಿನ ಗಾಳಿ ಮುಖಕ್ಕೆ ಬಿಸಿ ಬಟ್ಟೆಯಂತೆ ಅಂಟಿಕೊಂಡಿತು. ಕೆನ್ನೆಯನ್ನು ಎಲ್ಲಿಗೂ ತರಬೇಕಾಗಲಿಲ್ಲ. ಅಟ್ಟಣೆಯ ಮೇಲೆ ಬೆರಳುಗಾತ್ರದ ಬಿಳಿ ಹುಳುಗಳು ತಲೆಯೆತ್ತಿ, ಸೊಪ್ಪನ್ನು ಮುಟ್ಟದೆ, ಏನನ್ನೋ ಕಾಯುವಂತೆ ನಿಂತಿದ್ದವು. ನಡುವೆ ನನ್ನ ತಂತಿಯಿತ್ತು. ತಂತಿಯ ಉದ್ದಕ್ಕೂ, ಗೋಡೆಯಿಂದ ಗೋಡೆಗೆ, ನೀರಲ್ಲಿ ಅದ್ದಿ ಹಿಂಡಿದ ಗೋಣಿತಾಟುಗಳು ನೀಟಾಗಿ ಸಾಲಾಗಿ ನೇತಾಡುತ್ತಿದ್ದವು. ಅವುಗಳ ಮಡಿಕೆಗಳೊಳಗೆ, ಒದ್ದೆಯ ಮಡಿಲಲ್ಲಿ, ನನ್ನ ಐದೂ ಸೆನ್ಸರುಗಳು ಹಾಯಾಗಿ ಮಲಗಿದ್ದವು.

“ಇದೇನು ಚಿಕ್ಕಮ್ಮ?”

“ಯಾಕೇ? ಬಿಸಿಲುಗಾಲಕ್ಕೆ ಗೋಣಿತಾಟು ಇಳಿಬಿಡೋದು ಹೊಸದಾ? ಕಿಟ್ಕೀಗೆ ಕಟ್ತಿದ್ದೆ, ಅದು ಸಾಕಾಗ್ತಿರ್ಲಿಲ್ಲ. ನೀನು ಇದಕ್ಕೂ ಆಗ್ಲಿ ಅಂತ್ಲೇ ಕಟ್ಟಿಕೊಟ್ಟಿದೀಯ ಅನ್ಕೊಂಡೆ. ಎಷ್ಟ್ ಒಳ್ಳೆ ಎತ್ರಕ್ಕೆ ಕಟ್ಟೈತೆ ಹುಡ್ಗಿ ಅಂತ ನಿಮ್ಮ ಚಿಕ್ಕಪ್ಪಂಗೂ ಹೇಳ್ದೆ.” ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, “ಆ ಕಬ್ಬಿಣದವಕ್ಕೂ ತಂಪಾಗ್ಲಿ ಅಂತ ಒಳ್ಗಾಕಿ ಮುಚ್ದೆ” ಎಂದರು.

ಬಸ್ಸಿನ ಗಂಟೆಯಿಂದ ಹಿಡಿದು ರೆಪ್ಪೆಯ ಮಿಟುಕಿನವರೆಗೆ ಎಲ್ಲವನ್ನೂ ವಿವರಿಸಿದ್ದ ನಾನು, ‘ಇದರ ಮೇಲೆ ಏನನ್ನೂ ಹಾಕಬೇಡಿ’ ಎಂಬ ಒಂದು ವಾಕ್ಯವನ್ನು ಹೇಳಿರಲಿಲ್ಲ. ಮಡಕೆಯ ಒದ್ದೆ ಮೈ ನೀರನ್ನು ತಂಪಾಗಿಡುವಂತೆ, ಆರುತ್ತಿದ್ದ ಗೋಣಿ ಐದು ಸೆನ್ಸರುಗಳನ್ನು ಇಪ್ಪತ್ತೈದರಲ್ಲಿ ಇಟ್ಟಿತ್ತು. ಉಳಿದ ಮನೆ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ಹಾಗೆ ನೋಡಿದರೆ ತಂತಿ ಸುಳ್ಳು ಹೇಳಿರಲಿಲ್ಲ. ಸೆನ್ಸರುಗಳೂ ಹೇಳಿರಲಿಲ್ಲ. ಒಂದು ಸೊನ್ನೆಯೂ ಮುಕ್ಕಾಗದೆ, ತಾಳೆಯ ಅಂಕಿ ಸಮೇತ, ಒದ್ದೆ ಗೋಣಿಯ ಉಷ್ಣತೆ ನಿಮಿಷ ನಿಮಿಷಕ್ಕೂ ನನಗೆ ತಲುಪಿತ್ತು. ಹೇಳಿದ್ದು ಹೇಳಿದ ಹಾಗೇ ಮುಟ್ಟಿತು ಎಂಬುದಕ್ಕಷ್ಟೇ ತಾಳೆಯ ಅಂಕಿ ಹೊಣೆ. ಹೇಳಿದ್ದು ಯಾವುದರ ಬಗ್ಗೆ ಎಂಬುದಕ್ಕಲ್ಲ. ಐದು ಸಾಕ್ಷಿಗಳು ದಶಾಂಶವೂ ತಪ್ಪದೆ ಒಂದೇ ಮಾತಾಡಿದಾಗ, ತುಪ್ಪದ ಡಿಗ್ರಿ ಕೇಳಿದ್ದ ಹುಡುಗಿಗೆ ಅನುಮಾನ ಬರಬೇಕಿತ್ತು. ಐವರೂ ಒಂದೇ ಕಂಬಳಿಯೊಳಗೆ ಮುಸುಕು ಹಾಕಿಕೊಂಡಿದ್ದರು.

ಗೋಣಿಗಳನ್ನು ಎಳೆದು ತೆಗೆದೆವು. ಅಷ್ಟರಲ್ಲಿ ಪ್ಯಾಂಟು ಬದಲಿಸಿ ಪಂಚೆಯುಟ್ಟು ಹೊರಗೆ ಪೆಟ್ಟಿಗೆಯೆದುರು ನಿಂತಿದ್ದ ಚಿಕ್ಕಪ್ಪ ಓದತೊಡಗಿದರು: “ಇಪ್ಪತ್ತೆಂಟು… ಮೂವತ್ತೊಂದು… ಲಾಯರಮ್ಮ, ಮೂವತ್ತನಾಲ್ಕು!” ಹೊರಬಂದು ಒಂದು ಗಳಿಗೆ ನಾನು ಅವರ ಅಂಗಿಯ ಜೇಬಿನ ಕಡೆಯೇ ನೋಡಿದೆ. ತಂತಿ ಸೋತಿತ್ತು, ತೀರ್ಪಿನ ನಿಯಮ ಎಲ್ಲರೆದುರೇ ಘೋಷಣೆಯಾಗಿತ್ತು. ಚಿಕ್ಕಪ್ಪ ಜೇಬಿಗೆ ಕೈ ಹಾಕಿದರು, ಟೇಪು ತೆಗೆದರು, ಅದನ್ನು ನನ್ನ ಕೈಗಿಟ್ಟು ಪಂಚೆ ಎತ್ತಿ ಕಟ್ಟಿದರು.

“ರೂಮು ಆಮೇಲೆ ನೋಡನ. ಏಣಿ ಹಿಡ್ಕೊ, ಪೈಪ್ ಕೊಡು.”

ಅವರು ಶೀಟಿನ ಮೇಲೆ ತೆಂಗಿನ ಗರಿ ಹಾಸಿ ನೀರು ಹೊಡೆದರು. ಚಿಕ್ಕಮ್ಮ ಎರಡೂ ಬದಿಯ ಕಿಟಕಿ ತೆಗೆದು, ಗೋಣಿಗಳನ್ನು ಮತ್ತೆ ಅದ್ದಿ ಕಿಟಕಿಗಳಿಗೇ ಕಟ್ಟಿದರು. ಒಳಬರುವ ಗಾಳಿ ಅವುಗಳ ಮೂಲಕ ನುಸುಳಿ ತಣ್ಣಗಾಗಿ ಬರತೊಡಗಿತು. ನಾನು ಏಣಿ ಹಿಡಿದೆ, ಕೊಡ ಹೊತ್ತೆ, ಹೇಳಿದ್ದನ್ನು ಮಾಡಿದೆ. ಅಂಕಿ ಇಳಿಯಿತು: ಮೂವತ್ತೊಂದು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಚಿಕ್ಕಮ್ಮ ಅದನ್ನು ನೋಡಲಿಲ್ಲ. ಹೊಸ ಸೊಪ್ಪು ಹರಡಿ, ಅಟ್ಟಣೆಯ ಪಕ್ಕ ನೆಲದ ಮೇಲೆ ಕೂತರು. ನನ್ನನ್ನೂ ಕೂರಿಸಿದರು. ನಾನು ಏನೋ ಹೇಳಹೋದಾಗ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದರು.

ಆಗಲೇ ನನಗೆ ನನ್ನ ತಂತಿ ಅರ್ಥವಾದದ್ದು. ಕಂಟ್ರೋಲರು ಸೆನ್ಸರಿನಿಂದ ಉತ್ತರ ಪಡೆಯುವಾಗ, ತಂತಿಯನ್ನು ಒಮ್ಮೆ ಸಣ್ಣಗೆ ಎಳೆದು ತಕ್ಷಣ ಬಿಟ್ಟುಬಿಡುತ್ತದೆ. ಬಿಡದಿದ್ದರೆ ಅತ್ತಣವರು ಏನು ಹೇಳಿದರೂ ಸೊನ್ನೆಯಾಗಿಯೇ ಕೇಳಿಸುತ್ತದೆ. ಒಂದೇ ತಂತಿಯಿರುವಲ್ಲಿ ಕೇಳಿದವರು ಬಿಟ್ಟುಕೊಡದೆ ಉತ್ತರವೇ ಇಲ್ಲ. ನನ್ನ ವಿದ್ಯೆಯಲ್ಲಿ ಬಿಡುವ ಪಾಠ ಇರಲಿಲ್ಲ. ಚಿಕ್ಕಮ್ಮ ಕೆನ್ನೆ ಚಾಚಿ, ಕಣ್ಣು ಮುಚ್ಚಿ, ‘ಹೂಂ’ ಎನ್ನುವ ಮೊದಲು ಕಾಯುತ್ತಿದ್ದ ಆ ಗಳಿಗೆ ಸುಮಾರು ಮುಕ್ಕಾಲು ಸೆಕೆಂಡಿದ್ದಿರಬೇಕು. ಯಾವತ್ತೂ ಅವರಿಗೆ ಎಂಬತ್ತೈದು ಬಂದದ್ದಿಲ್ಲ.

ಹಾಗೆಂದು ನಾನು ಇದ್ದಕ್ಕಿದ್ದಂತೆ ಕೆನ್ನೆಯ ಪಕ್ಷಕ್ಕೆ ಸೇರಿಬಿಟ್ಟೆನೆಂದು ತಿಳಿಯಬೇಡಿ. ಹಿಂದಿನ ಎರಡು ಬೆಳೆ ಹೋದಾಗಲೂ ಇದ್ದದ್ದು ಅದೇ ಕೆನ್ನೆ. ಸೊಪ್ಪಿಗೆ ಹೋದಾಗ, ನಿದ್ದೆ ಹತ್ತಿದಾಗ ಅದು ಹುಳು ಮನೆಯಲ್ಲಿರುವುದಿಲ್ಲ. ಸೆನ್ಸರು ಇರುತ್ತದೆ. ಈ ವಾದವನ್ನು ನಾನು ಇವತ್ತೂ ಬಿಟ್ಟುಕೊಟ್ಟಿಲ್ಲ. ಆ ಹೊತ್ತಿನಲ್ಲಿ ಮಾತ್ರ ಅದನ್ನು ಮಂಡಿಸಲಿಲ್ಲ. ಅದನ್ನು ನನ್ನ ಜೀವಮಾನದ ದೊಡ್ಡ ಸಂಯಮಗಳಲ್ಲಿ ಒಂದೆಂದು ಎಣಿಸಿಕೊಳ್ಳುತ್ತೇನೆ.

ಮೊದಲು ಎಲ್ಲೋ ಮೂಲೆಯಲ್ಲಿ ಒಂದು ಹನಿ ಬಿದ್ದ ಹಾಗಾಯಿತು. ಆಮೇಲೆ ಇನ್ನೊಂದು. ಎತ್ತಿದ ತಲೆಗಳು ಒಂದೊಂದಾಗಿ ಬಾಗಿದವು. ಬಿಸಿಲು ಇಳಿಯುವ ಹೊತ್ತಿಗೆ ಹುಳು ಮನೆಯ ತುಂಬ ಸಣ್ಣ ಮಳೆ ಹಿಡಿದಿತ್ತು, ಸರಸರ, ಸರಸರ. ಚಿಕ್ಕಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡು, “ಹೂಂ” ಎಂದರು.

ಕೆಲವು ಹುಳು ಹೋದವು. ಬಿಸಿಲ ಕಡೆಯ ಅಟ್ಟಣೆಯವು. ಉಳಿದವು ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆಯೆಂಬ ಬಿದಿರ ತಟ್ಟಿಗೆ ಬಿಟ್ಟಾಗ ಅದರ ಸುತ್ತುಗಳ ತುಂಬ ಗೂಡು ಕಟ್ಟಿದವು. ಚಿಕ್ಕಮ್ಮ ಒಂದು ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ, ಗಟ್ಟಿಯಾಗಿದೆ ಎಂದು ನನಗೆ ಕೊಟ್ಟರು. ಅದು ಈಗ ಕಪ್ಪುಗಳ ಜಾಗದಲ್ಲಿದೆ. ಚಿಕ್ಕಪ್ಪನ ಟೇಪು ಕೊನೆಗೂ ಹುಳು ಮನೆಯ ಗೋಡೆಯಿಂದ ಗೋಡೆಗೆ ಚಾಚಿತು. ಕೋಣೆಗಳಿಗಲ್ಲ, ಎರಡು ಹಗ್ಗಕ್ಕೆ. ನನ್ನ ತಂತಿಯಿಂದ ಮೂರು ಮೊಳ ದೂರದಲ್ಲಿ, ಅತ್ತೊಂದು ಇತ್ತೊಂದು, ಹೊಸ ನೈಲಾನ್ ಹಗ್ಗ ಬಿಗಿದು, “ಏನಾದ್ರೂ ಹಾಕ್ಕೊಳಿ, ಇಲ್ಲಿ ಹಾಕ್ಕೊಳಿ” ಎಂದು ಅವರು ಆಜ್ಞೆ ಹೊರಡಿಸಿದರು.

ಮೊನ್ನೆ ಭಾನುವಾರ ಹೋಗಿದ್ದೆ. ಹೊಸ ಬೆಳೆ ಒಳಗಿದೆ. ಮುಲಾಮು ಹಚ್ಚದ ದಿನಗಳಲ್ಲಿ ಈಗ ನನಗೂ ಪ್ರವೇಶವುಂಟು. ಕೈಕಾಲು ತೊಳೆದು, ಕರ್ಚೀಫಿನಿಂದ ಒರೆಸಿಕೊಳ್ಳುತ್ತಾ ಒಳಗೆ ಬಂದು, ಒದ್ದೆ ಕರ್ಚೀಫನ್ನು ಎಲ್ಲಾದರೂ ಹಾಕಬೇಕೆಂದು ಅತ್ತಿತ್ತ ನೋಡಿದೆ. ಎದುರಿಗೇ, ಕೈಗೆ ಸರಿಯಾದ ಎತ್ತರದಲ್ಲಿ, ಒಂದು ತಂತಿ ಖಾಲಿಯಿತ್ತು. ಕೈ ತಾನಾಗಿ ಮೇಲೆ ಹೋಯಿತು.

“ಲಾಯರಮ್ಮ,” ಸೊಪ್ಪು ಹರಡುತ್ತಿದ್ದ ಚಿಕ್ಕಮ್ಮ ಹಿಂದಿರುಗಿ ನೋಡಲೂ ಇಲ್ಲ, “ಹಗ್ಗ ಆ ಕಡೆ ಐತೆ.”

ಕರ್ಚೀಫು ಇನ್ನೂ ಕೈಯಲ್ಲೇ ಇದೆ, ತಂತಿಯನ್ನು ಮುಟ್ಟಿಲ್ಲ, ಆದ್ದರಿಂದ ಆರೋಪ ನಿಲ್ಲುವುದಿಲ್ಲ ಎಂದು ಖಂಡನೆ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ವಿಮಾನ ಬಂತು. ಬಾಯಿ ತೆರೆದುಕೊಂಡೇ ನಿಂತೆ. ಅದು ದಾಟಿಹೋದ ಮೇಲೆ ಹುಳುಗಳ ಮಳೆ ಕೇಳಿಸಿತು. ಸ್ವಲ್ಪ ಹೊತ್ತು ಅದನ್ನೇ ಕೇಳಿ, ಕರ್ಚೀಫನ್ನು ಹಗ್ಗಕ್ಕೆ ಹಾಕಿದೆ.